ಹಸಿಂತಾಳ ನೀರು ಬದಲಾಯಿಸಿದ್ದು

ಒನೇಲಿಯೊ ಮೀನಿನ ತೊಟ್ಟಿ ತಂದಿಟ್ಟ ಮೇಲೆ ನಮ್ಮ ಬೀದಿಯಲ್ಲಿ ಏನೇನಾಯಿತು ಎಂಬುದನ್ನು ಒಬ್ಬೊಬ್ಬರು ಒಂದೊಂದು ರೀತಿ ಹೇಳುತ್ತಾರೆ. ಅವರ ಮಾತು ನಂಬಬೇಡಿ. ಅವರ್ಯಾರ ಕಿಟಕಿಯೂ ಒನೇಲಿಯೊನ ಕಿಟಕಿಗೆ ಎದುರಾಗಿಲ್ಲ. ನನ್ನದು ಇದೆ. ಎಪ್ಪತ್ತೊಂಬತ್ತು ವರ್ಷದ ಈ ಕಣ್ಣಿಗೆ ಸೂಜಿಗೆ ದಾರ ಪೋಣಿಸಲು ಬರುವುದಿಲ್ಲ, ನಿಜ. ಆದರೆ ಎದುರು ಮನೆಯ ಬಾಣಲೆಯಲ್ಲಿ ಕರಿಯುತ್ತಿರುವುದು ಬಾಳೆಕಾಯೋ ಗೆಣಸೋ ಎಂದು ಇಲ್ಲಿಂದಲೇ ಹೇಳಬಲ್ಲೆ.

ನಮ್ಮದು ಸ್ಯಾಂಟಿಯಾಗೊದ ಇಳಿಜಾರು ಬೀದಿ. ಎಷ್ಟು ಇಳಿಜಾರೆಂದರೆ ಮೇಲಿನ ಮನೆಯಲ್ಲಿ ಈರುಳ್ಳಿ ಕೈಜಾರಿದರೆ ಕೆಳಗಿನ ಮನೆಯವರು ಅದನ್ನು ಒಗ್ಗರಣೆಗೆ ಹಾಕಿಕೊಂಡಿರುತ್ತಾರೆ. ನಲ್ಲಿಯಲ್ಲಿ ನೀರು ಎಂಟು ದಿನಕ್ಕೊಮ್ಮೆ. "ನೀರು ಬಂತು" ಎಂದು ಕೂಗು ಎದ್ದಿತೆಂದರೆ ಕ್ಷೌರಕ್ಕೆ ಕುಳಿತವನು ಅರ್ಧ ಗಡ್ಡದಲ್ಲೇ ಎದ್ದು ಓಡುತ್ತಾನೆ. ನನ್ನ ಗಂಡ ಗುಮೆರ್ಸಿಂದೊನ ಶವಪೆಟ್ಟಿಗೆ ಹೊತ್ತಿದ್ದ ನಾಲ್ವರೂ ಅದನ್ನು ನನ್ನ ಹೊಸ್ತಿಲ ಮೇಲೇ ಇಳಿಸಿ, ತಮ್ಮ ತಮ್ಮ ಡ್ರಮ್ಮು ತುಂಬಿಸಿಕೊಂಡು ಬಂದರು. ನಾನು ಬೇಸರ ಮಾಡಿಕೊಳ್ಳಲಿಲ್ಲ. ಆ ಹೊತ್ತಿನಲ್ಲಿ ನಾನೂ ತುಂಬಿಸುತ್ತಿದ್ದೆ.

ಒನೇಲಿಯೊ ಬಸ್ ನಿಲ್ದಾಣದಲ್ಲಿ ಗುಮಾಸ್ತ. ಜಾಗ ಸಿಗದೆ ಕಾಯುವವರ ಪಟ್ಟಿ ಬರೆಯುವುದು ಅವನ ಕೆಲಸ. ಒಳ್ಳೆಯವನು. ಎಷ್ಟು ಒಳ್ಳೆಯವನೆಂದರೆ ಐವತ್ತಾರು ವರ್ಷದಲ್ಲಿ ಯಾರಿಗೂ 'ಇಲ್ಲ' ಎಂದವನಲ್ಲ. ಮಳೆ ಬರುತ್ತೆ ಎಂದರೆ ಹೌದು, ಬರಲ್ಲ ಎಂದರೂ ಹೌದು. ಮದುವೆಯ ದಿನ ಪಾದ್ರಿ ಕೇಳುವ ಮೊದಲೇ ಮೂರು ಸಲ ಹೌದು ಎಂದುಬಿಟ್ಟಿದ್ದ.

ಅವನ ಹೆಂಡತಿ ನೆರೇಯ್ದಾ ತಂಗಿಯ ಬಾಣಂತನಕ್ಕೆಂದು ಮೂರು ವಾರದ ಮಟ್ಟಿಗೆ ಬರಾಕೋವಾಕ್ಕೆ ಹೊರಟಳು. ಹೊರಡುವಾಗ ಬಾಗಿಲಲ್ಲಿ ನಿಂತು ಅವಳು ಹೇಳಿದ್ದು ನಾನು ಕೇಳಿಸಿಕೊಂಡೆ. ಕೇಳಿಸಿಕೊಳ್ಳಲೆಂದೇ ಕಿಟಕಿಗೆ ಬಂದಿದ್ದೆ.

"ಕೋಳಿ ಸತ್ರೆ ಸಾಯ್ಲಿ. ಮನೆ ಸೋರಿದ್ರೆ ಸೋರ್ಲಿ. ಅಮ್ಮನ ಲೋಟಕ್ಕೆ ಸೋಮವಾರ ಸೋಮವಾರ ಹೊಸ ನೀರು ಹಾಕೋದು ಮರೀಬೇಡ. ಇದು ಅಮ್ಮನ ಮನೆ, ನೆನಪಿರ್ಲಿ. ಆ ಲೋಟಕ್ಕೆ ಏನಾದ್ರೂ ಆಯ್ತೋ, ನಾನು ಬರೋಷ್ಟರಲ್ಲಿ ನೀನು ನಿಮ್ಮಣ್ಣನ ಮನೇಲಿ ಜೋಲಿ ಕಟ್ಕೊಂಡಿರು."

"ಹೌದು," ಎಂದ ಒನೇಲಿಯೊ.

ಅವನ ಅಣ್ಣ ಕಾರ್ನಿವಲ್ ಮೇಳದಲ್ಲಿ ಕಹಳೆ ಊದುವವನು. ವರ್ಷವಿಡೀ ಅಭ್ಯಾಸ ಮಾಡುತ್ತಾನೆ. ಆ ಮನೆಯಲ್ಲಿ ಹಲ್ಲಿಗಳೂ ನಿಲ್ಲುವುದಿಲ್ಲ.

ಅಮ್ಮ ಎಂದರೆ ಹಸಿಂತಾ, ಸತ್ತು ನಾಲ್ಕು ವರ್ಷವಾಗಿತ್ತು. ಸತ್ತವರಿಗೂ ಬಾಯಾರುತ್ತದಲ್ಲ, ಹಾಗಾಗಿ ಅವಳ ಪಟದ ಮುಂದೆ ಕಪಾಟಿನ ಮೇಲೆ ಒಂದು ಲೋಟ ನೀರು. ಪಕ್ಕದ ಮನೆಯ ತೋಮಾಸಾ ಪ್ರತಿ ಸೋಮವಾರ ಬಂದು ಆ ಗಾಜಿನ ಲೋಟವನ್ನು ದಿಟ್ಟಿಸಿ, ಹಸಿಂತಾ ಏನು ಹೇಳುತ್ತಿದ್ದಾಳೆಂದು ತಿಳಿಸುತ್ತಿದ್ದಳು. ಸತ್ತವರ ಮಾತು ತೋಮಾಸಾಳಿಗೆ ಅರ್ಥವಾಗುತ್ತದೆ, ಬದುಕಿರುವವರದ್ದು ಆಗುವುದಿಲ್ಲ. ಆಶ್ಚರ್ಯವೆಂದರೆ, ಬದುಕಿದ್ದಾಗ ಜಪಮಾಲೆ ಬಿಟ್ಟು ಬೇರೇನೂ ಮುಟ್ಟದ ಹಸಿಂತಾ ಸತ್ತ ಮೇಲೆ ವಾರ ವಾರವೂ ರಮ್ಮು ಕೇಳುತ್ತಿದ್ದಳು. ಜೊತೆಗೆ ಗರಿಗರಿಯಾಗಿ ಹುರಿದ ಹಂದಿಯ ಚರ್ಮ. "ಆ ಲೋಕದಲ್ಲಿ ರುಚಿ ಬದಲಾಗತ್ತೆ," ಎಂದು ತೋಮಾಸಾ ಸಮಾಧಾನ ಹೇಳುತ್ತಿದ್ದಳು. ಆ ಲೋಟದ ಬಗ್ಗೆ ನನಗೊಂದು ವಿಷಯ ಗೊತ್ತಿತ್ತು. ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಮೊದಲ ಸೋಮವಾರವೇ ಒನೇಲಿಯೊ ಲೋಟ ಒಡೆದ.

ಒಡೆದದ್ದು ಭಯದಿಂದ. ಒಂದು ಕೈಯಲ್ಲಿ ಹಿಡಿದರೆ ಜಾರೀತು ಎಂದು ಎರಡು ಕೈಯಲ್ಲಿ ಹಿಡಿದ, ಎರಡು ಕೈಯಲ್ಲಿ ಹಿಡಿದರೆ ಬೆವರೀತು ಎಂದು ಅಂಗಿಯಲ್ಲಿ ಸುತ್ತಿ ಹಿಡಿದ. ಅಂಗಿ ಉಳಿಯಿತು. ಚೂರುಗಳನ್ನು ಕರವಸ್ತ್ರದಲ್ಲಿ ಕಟ್ಟಿ ಜೇಬಿಗಿಟ್ಟುಕೊಂಡು ಬೇರೆ ಲೋಟ ಹುಡುಕಲು ಪೇಟೆಗೆ ಓಡಿದ. ಆ ದಿನ ಇಡೀ ಸ್ಯಾಂಟಿಯಾಗೊದಲ್ಲಿ ಒಂದು ಗಾಜಿನ ಲೋಟ ಸಿಗಲಿಲ್ಲ. ಸಿಕ್ಕಿದ್ದು ಫ್ರೋಯ್ಲಾನ್.

ಫ್ರೋಯ್ಲಾನ್ ಬಣ್ಣದ ಮೀನು ಮಾರುವವನು. ಬಸ್ ಚಕ್ರವನ್ನು ಕೂಡ ಮದುವೆಯ ಉಂಗುರವೆಂದು ಮಾರಬಲ್ಲ ನಾಲಿಗೆ ಅವನದು. ಒನೇಲಿಯೊ ಸಂಕಟ ಹೇಳಿಕೊಂಡನಂತೆ.

"ಗಾಜು ಬೇಕು ತಾನೇ?" ಎಂದನಂತೆ ಫ್ರೋಯ್ಲಾನ್.

"ಹೌದು."

"ಒಳಗೆ ನೀರು ಬೇಕು ತಾನೇ?"

"ಹೌದು."

"ಮತ್ತೆ ಇದೇನು?" ಎಂದು ಎಪ್ಪತ್ತು ಲೀಟರಿನ ತೊಟ್ಟಿ ತೋರಿಸಿದನಂತೆ. "ನಿಮ್ಮತ್ತೇನ ಇಷ್ಟು ದಿನ ಒಂದು ಲೋಟದಲ್ಲಿ ಇಟ್ಟಿದ್ದೀರಲ್ಲ, ನಾಚಿಕೆ ಆಗ್ಬೇಕು ನಿಮಗೆ. ಇದು ಬಡ್ತಿ."

ಒನೇಲಿಯೊ ತನ್ನ ಮದುವೆಯ ಬೂಟು ಕೊಟ್ಟು ತೊಟ್ಟಿ ತಂದ. ಅದರ ಜೊತೆ ಮೂರು ಕಿತ್ತಳೆ ಬಣ್ಣದ ಮೀನು, ಗುಡ್ಡೆಗಣ್ಣಿನ ಒಂದು ಕಪ್ಪು ಮೀನು, ಮತ್ತು ಯಾವುದೋ ಹಳೆಯ ಯಂತ್ರದಿಂದ ಫ್ರೋಯ್ಲಾನನೇ ಜೋಡಿಸಿದ ಗಾಳಿ ಪಂಪು. ಅದು ನೀರಿನೊಳಗೆ ಸದಾ ಗುಳ್ಳೆ ಬಿಡುತ್ತಿತ್ತು. ಗುಳುಗುಳು ಸದ್ದು ನನ್ನ ಅಡುಗೆಮನೆಗೆ ಕೇಳುತ್ತಿತ್ತು. ಡ್ರಮ್ಮಿನಲ್ಲಿದ್ದ ಅಷ್ಟೂ ನೀರನ್ನು ತೊಟ್ಟಿಗೆ ಸುರಿದು, ಹಸಿಂತಾಳ ಪಟದ ಕೆಳಗೇ ಇಟ್ಟ. ಆ ವಾರ ಅವನು ಸ್ನಾನ ಮಾಡಲಿಲ್ಲ. ಇದನ್ನು ಕಣ್ಣಿನಿಂದಲೇ ತಿಳಿಯಬೇಕಾಗಿರಲಿಲ್ಲ.

ಮರುದಿನ ಬೆಳಿಗ್ಗೆ ಕಾಫಿ ಹಿಡಿದು ಕಿಟಕಿಗೆ ಬಂದೆ. ಪಟದಲ್ಲಿ ಹಸಿಂತಾ ಕಣ್ಣು ಕೆಕ್ಕರಿಸಿ ನೋಡುತ್ತಿದ್ದಾಳೆ. ಅದರ ಕೆಳಗೆ ಕಪ್ಪು ಮೀನು ಅದೇ ಕಣ್ಣು, ಅದೇ ಜೋಲು ತುಟಿ, ಅದೇ ಕಪ್ಪು ಶಾಲಿನಂಥ ರೆಕ್ಕೆ ಬೀಸಿಕೊಂಡು ನೋಡುತ್ತಿದೆ. ಸುಮ್ಮನಿರುವುದು ನನ್ನಿಂದ ಆಗಲಿಲ್ಲ.

"ಒನೇಲಿಯೊ," ಎಂದೆ, "ನಿಮ್ಮತ್ತೆ ಬಂದ್ಬಿಟ್ಟಿದ್ದಾಳಲ್ಲೋ. ಕಾಫಿ ಕೊಟ್ಯಾ?"

"ಹೌದು, ದೊಡ್ಡಮ್ಮ," ಎಂದ. ಅವನಿಗೆ ಬೇರೆ ಉತ್ತರ ಬಾರದು.

ಅಷ್ಟೇ. ನಾನು ಹೇಳಿದ್ದು ಅಷ್ಟೇ. ಅದು ತೋಮಾಸಾಳ ಕಿವಿಗೆ ಬಿದ್ದಿದ್ದು ನನ್ನ ತಪ್ಪಲ್ಲ. ಅವಳು ನನ್ನ ಪಕ್ಕದಲ್ಲೇ ನಿಂತಿದ್ದಳು.

ತೋಮಾಸಾ ಗುಳ್ಳೆಗಳನ್ನು ನೋಡಿ ಕಿಟಕಿಯ ಸರಳು ಹಿಡಿದು ಅಲ್ಲೇ ಕುಸಿದು ನನ್ನತ್ತ ತಿರುಗಿದಳು. "ಇಲುಮಿನಾದಕ್ಕ, ಲೋಟದಲ್ಲಿ ಒಂದು ಗುಳ್ಳೆ ಬಂದ್ರೆ ಸತ್ತವರು ಬಂದಿದ್ದಾರೆ ಅಂತ. ನನ್ನ ಜನ್ಮದಲ್ಲೇ ಹನ್ನೊಂದು ಗುಳ್ಳೆ ನೋಡಿದೀನಿ. ಇಲ್ಲಿ ನೋಡು, ಹಸಿಂತಾ ಉಸಿರೇ ತಗೋತಿಲ್ಲ, ಮಾತಾಡ್ತಾನೇ ಇದ್ದಾಳೆ."

"ಬದುಕಿದ್ದಾಗ್ಲೂ ಹಾಗೇ ಅಲ್ವಾ," ಎಂದೆ.

ನಮ್ಮೂರಿನ ಒಂದು ಅಭ್ಯಾಸ ನಿಮಗೆ ಗೊತ್ತೇ ಇದೆ. ಎಲ್ಲಾದರೂ ಇಬ್ಬರು ಒಂದೇ ಕಡೆ ಮುಖ ಮಾಡಿ ನಿಂತಿದ್ದರೆ ಮೂರನೆಯವನು ಬಂದು "ಕೊನೆಯವರು ಯಾರು?" ಎಂದು ಕೇಳಿ ಹಿಂದೆ ನಿಲ್ಲುತ್ತಾನೆ. ಏನು ಕೊಡುತ್ತಾರೆಂದು ಆಮೇಲೆ ವಿಚಾರಿಸಿದರಾಯಿತು. ಹತ್ತು ಗಂಟೆಗೆ ಒನೇಲಿಯೊನ ಬಾಗಿಲಿನಿಂದ ಬೀದಿಯ ತುದಿಯವರೆಗೂ ಸಾಲು. ಮುಂದಿನವರು ಹಸಿಂತಾಳನ್ನು ಕೇಳಲು ನಿಂತಿದ್ದರು, ಮಧ್ಯದವರು ಮೀನು ಕೊಡುತ್ತಾರೆಂದು, ಹಿಂದಿನವರು ಆಲೂಗಡ್ಡೆ ಬಂದಿದೆಯೆಂದು ಚೀಲ ಹಿಡಿದು. ಒನೇಲಿಯೊ ಹೊರಗೆ ಬಂದು ಸಾಲು ನೋಡಿದ. ಕೈ ಅದರ ಪಾಡಿಗೆ ಅದು ಜೇಬಿನಿಂದ ಪೆನ್ಸಿಲ್ ತೆಗೆಯಿತು. ಹೆಸರು ಕೇಳಿ, ನಂಬರ್ ಹಾಕಿ, ಕಾಯುವವರ ಪಟ್ಟಿ ಬರೆದುಬಿಟ್ಟ.

ಪಟ್ಟಿ ಬರೆದ ಮೇಲೆ ಯಾವ ಸುಳ್ಳೂ ಸುಳ್ಳಾಗಿ ಉಳಿಯುವುದಿಲ್ಲ.

ವಾರವಿಡೀ ಇದೇ ನಡೆಯಿತು. ಒಬ್ಬಳಿಗೆ ಕಳೆದುಹೋದ ಬಾತುಕೋಳಿ ಎಲ್ಲಿದೆ ಎಂದು ತಿಳಿಯಬೇಕು. ಇನ್ನೊಬ್ಬನಿಗೆ ಡಾಮಿನೊ ಆಟದಲ್ಲಿ ತನ್ನ ಜೊತೆಗಾರ ಮೋಸ ಮಾಡುತ್ತಿದ್ದಾನೋ ಅಥವಾ ನಿಜವಾಗಿಯೂ ಪೆದ್ದನೋ ತಿಳಿಯಬೇಕು. ತೋಮಾಸಾ ತೊಟ್ಟಿಯ ಪಕ್ಕ ಕುಳಿತು ಕಪ್ಪು ಮೀನಿನ ಬಾಲ ನೋಡಿ ಉತ್ತರ ಹೇಳುವಳು. ಆದರೆ ಗುರುವಾರದ ಹೊತ್ತಿಗೆ ತೊಟ್ಟಿಯ ನೀರು ಮಬ್ಬಾಗತೊಡಗಿತು. ಸಾಲಿನಲ್ಲಿದ್ದವರೆಲ್ಲ ಹಸಿಂತಾಳಿಗೆ ಬ್ರೆಡ್ಡು, ಅನ್ನ, ಹುರುಳಿಕಾಳು ಹಾಕಿದ್ದರು. ರಮ್ಮನ್ನೂ ಹಾಕಲು ಬಂದಿದ್ದರು, ನಾನೇ ತಡೆದು ಈಸಿಕೊಂಡೆ.

ಒನೇಲಿಯೊ ಹೆದರಿದ. ನೀರು ಬದಲಾಯಿಸಬೇಕು ಎಂಬುದು ಅವನಿಗೆ ಹೊಳೆಯಿತು. ಎಷ್ಟು ದಿನಕ್ಕೊಮ್ಮೆ, ಎಷ್ಟು, ಅದು ಹೊಳೆಯಲಿಲ್ಲ. ಯಾರನ್ನಾದರೂ ಕೇಳೋಣವೆಂದರೆ ಲೋಟ ಒಡೆದ ಕಥೆ ಹೊರಗೆ ಬರುತ್ತದೆ. ಹಾಗಾಗಿ ಯಾವ ನೀರು ಎಂದು ಹೇಳದೆ ಕೇಳುತ್ತ ಹೋದ.

"ತೋಮಾಸಕ್ಕ, ಒಬ್ಬರ ಮನೇಲಿ ನೀರಿದೆ ಅಂತ ಇಟ್ಕೊ. ಅದನ್ನ ಎಷ್ಟು ದಿನಕ್ಕೊಂದ್ಸಲ ಬದಲಾಯಿಸ್ಬೇಕು?"

"ಸೋಮವಾರ, ಪೂರ್ತಿ," ಎಂದಳು ತೋಮಾಸಾ. "ಬೀದಿ ಬಾಗಿಲಿಗೆ ಬೆನ್ನು ಮಾಡಿ ನಿಂತು, ಹೆಗಲ ಮೇಲಿಂದ ಹಿಂದಕ್ಕೆ ಎರಚ್ಬೇಕು. ತಿರುಗಿ ನೋಡಿದ್ಯೋ, ಎಸೆದಿದ್ದೆಲ್ಲ ವಾಪಸ್ ಒಳಗೆ ಬರತ್ತೆ."

"ಹೌದು," ಎಂದ.

ಫ್ರೋಯ್ಲಾನನನ್ನು ಕೇಳಿದ. "ವಾರಕ್ಕೊಂದ್ಸಲ ಕಾಲು ಭಾಗ. ಅದಕ್ಕಿಂತ ಜಾಸ್ತಿ ತೆಗೀಬೇಡಿ," ಎಂದ ಅವನು. "ಹಾಕೋ ನೀರು ಎರಡು ಮೂರು ದಿನ ತೆರೆದಿಟ್ಟು ನಿಂತ ನೀರಾಗಿರ್ಬೇಕು. ಹಳೇ ನೀರು ಪೂರ್ತಿ ಚೆಲ್ಲಿದ್ರೆ ಇದು ತನ್ನ ಮನೆ ಅನ್ನೋದೇ ಮೀನಿಗೆ ಮರ್ತೋಗತ್ತೆ. ಮನೆ ಮರೆತ ಮೀನು ಮೂರು ದಿನ ಬದುಕಲ್ಲ."

"ಹೌದು," ಎಂದ.

ಇಬ್ಬರಿಗೂ ಹೌದು ಎಂದಾಗಿತ್ತು. ಸೋಮವಾರ ಬೆಳಿಗ್ಗೆ ಮೂರನೆಯವಳು ಬಂದಳು. ಸೊಳ್ಳೆ ತಪಾಸಣೆಯ ಹುಡುಗಿ ಯಾನೇಲಿಸ್, ಕೈಯಲ್ಲಿ ಟಾರ್ಚು, ಕಿವಿಯ ಮೇಲೆ ಪೆನ್ಸಿಲ್. ಮನೆಮನೆಯ ಡ್ರಮ್ಮು, ಹೂದಾನಿ, ಸತ್ತವರ ಲೋಟ ಎಲ್ಲಕ್ಕೂ ಟಾರ್ಚು ಬಿಟ್ಟು ಸೊಳ್ಳೆಮರಿ ಹುಡುಕುವವಳು. ಅವಳ ಕೈಯಲ್ಲಿದ್ದ ಹಾಳೆಯಲ್ಲಿ ಎಲ್ಲಕ್ಕೂ ಒಂದೊಂದು ಚೌಕ ಗೀಚಿತ್ತು.

"ಮಾವಾ, ಇದು ಮೀನಿನ ತೊಟ್ಟಿನೋ, ಸತ್ತವರ ಲೋಟನೋ?" ಎಂದು ಕೇಳಿದಳು.

ಸಾಲಿನ ನಲವತ್ತು ಜನ ಒನೇಲಿಯೊನನ್ನು ನೋಡಿದರು.

"ಹೌದು," ಎಂದ ಒನೇಲಿಯೊ.

"ಯಾವುದಕ್ಕೆ ಹೌದು? ಮೀನಿದ್ರೆ ಸೊಳ್ಳೆಮರಿ ತಿನ್ನತ್ತೆ, ನನ್ನ ತಕರಾರಿಲ್ಲ. ಲೋಟ ಆದ್ರೆ ಏಳು ದಿನಕ್ಕೊಂದ್ಸಲ ಪೂರ್ತಿ ಚೆಲ್ಲಿ, ಬ್ರಷ್ಷಲ್ಲಿ ಉಜ್ಜಬೇಕು."

"ಅದು ಹಸಿಂತಾ," ಎಂದಳು ತೋಮಾಸಾ.

"ಹಾಗಾದ್ರೆ ಲೋಟ," ಎಂದು ಹುಡುಗಿ ಬರೆದುಕೊಂಡಳು. "ಚೆಲ್ಲಿ ಮಾವಾ. ನಾನು ನೋಡಿ ಸಹಿ ಹಾಕಿ ಹೋಗ್ತೀನಿ."

ಪಾಪ, ಅವನು ಬಕೆಟ್ಟು ತಂದ. ಮೊದಲ ಬಕೆಟ್ಟು ತುಂಬಿ, ತೋಮಾಸಾ ಹೇಳಿದಂತೆ ಬಾಗಿಲಿಗೆ ಬೆನ್ನು ಮಾಡಿ, ಕಣ್ಣು ಮುಚ್ಚಿ, ಹೆಗಲ ಮೇಲಿಂದ ಎರಚಿದ. ಸಾಲಿನ ಮೊದಲ ಮೂವರು ನೆಂದರು. ಆಶೀರ್ವಾದವೆಂದು ತಿಳಿದು ಶಿಲುಬೆಯ ಗುರುತು ಮಾಡಿಕೊಂಡರು. ಎರಡನೆಯದು ಯಾನೇಲಿಸಳ ಹಾಳೆಗಳ ಮೇಲೆ ಬಿತ್ತು. ಅವಳು ಆಶೀರ್ವಾದವೆಂದು ತಿಳಿಯಲಿಲ್ಲ. ಮೂರನೆಯದು ಎರಚುವಾಗ ನಾನು ನನ್ನ ಕಿಟಕಿಯಿಂದ ಕಂಡೆ. ಬಿಸಿಲಲ್ಲಿ ಹೊಳೆಯುವ ನೀರಿನ ಮಧ್ಯೆ ಕಪ್ಪಗೆ ಏನೋ ಒಂದು ಹಾರಿತು. ರೆಕ್ಕೆ ಬಿಚ್ಚಿಕೊಂಡು, ಗುಡ್ಡೆಗಣ್ಣು ಬಿಟ್ಟುಕೊಂಡು, ಭಾನುವಾರ ಚರ್ಚಿಗೆ ಹೊರಟ ಹಸಿಂತಾಳ ಹಾಗೆಯೇ.

"ಒನೇಲಿಯೊ, ನಿಮ್ಮತ್ತೆ ಹೋದ್ಲು ಕಣೋ," ಎಂದು ಕೂಗಿದೆ.

ಅವನು ತಿರುಗಿ ನೋಡಲಿಲ್ಲ. ನೋಡಬಾರದು ಎಂದು ಹೇಳಿದ್ದರಲ್ಲ.

ಮೀನು ಚರಂಡಿಗೆ ಬಿತ್ತು, ಮೂರು ಬಕೆಟ್ಟಿನ ನೀರು ಅದನ್ನು ಹೊತ್ತುಕೊಂಡು ಇಳಿಜಾರು ಹಿಡಿಯಿತು. ಹಿಂದೆ ತೋಮಾಸಾ, ಅವಳ ಹಿಂದೆ ಸಾಲಿಗೆ ಸಾಲೇ. ಅವಸರದಲ್ಲೂ ಯಾರೂ ನಂಬರ್ ತಪ್ಪಲಿಲ್ಲ, ಅದನ್ನು ಮೆಚ್ಚಬೇಕು. "ಹಸಿಂತಾ, ನಿಲ್ಲಮ್ಮ", "ಹಸಿಂತಾ, ಬಾತುಕೋಳಿ ಎಲ್ಲಿ ಹೇಳ್ಬಿಟ್ಟು ಹೋಗು" ಎಂದು ಕೂಗುತ್ತ ನಲವತ್ತು ಜನ ಮಂಡಿಯೂರಿ ಚರಂಡಿಯಲ್ಲಿ ಕೈಯಾಡಿಸುತ್ತ ಇಳಿದರು. ನಾನೂ ಇಳಿದೆ. ಹನ್ನೆರಡು ವರ್ಷದಿಂದ ಬಾಗದ ನನ್ನ ಮಂಡಿ ಆ ದಿನ ಬಾಗಿತು.

ಬೀದಿಯ ಬುಡದಲ್ಲಿ ಒಂದು ಲಾರಿ ನಿಂತಿತು. ಅದರಿಂದ ನೆರೇಯ್ದಾ ಇಳಿದಳು, ಒಂದು ಕೈಯಲ್ಲಿ ಚೀಲ, ಇನ್ನೊಂದರಲ್ಲಿ ಪಾತ್ರೆ. ಎರಡು ವಾರ ಮೊದಲೇ ಬಂದಿದ್ದಳು. ನಿಮ್ಮಮ್ಮ ನೀರಿನಲ್ಲಿ ಎದ್ದು ಕುಳಿತಿದ್ದಾಳೆ, ಕಣ್ಣುಗುಡ್ಡೆ ಹೊರಗೆ ಬಂದಿದೆ, ದಿನವೆಲ್ಲ ನಿನ್ನ ಹೆಸರನ್ನೇ ಹೇಳುತ್ತಿದ್ದಾಳೆ ಎಂದು ಯಾರೋ ಬರಾಕೋವಾಕ್ಕೆ ಫೋನ್ ಮಾಡಿದ್ದರಂತೆ. ಯಾರೆಂದು ನನಗೆ ಗೊತ್ತಿಲ್ಲ. ನನ್ನ ಮನೆಯ ಫೋನಿನಿಂದ ಮಾಡಿದರು ಎಂಬುದಷ್ಟೇ ಗೊತ್ತು.

ಇಡೀ ಬೀದಿ ಮಂಡಿಯೂರಿ ತನ್ನ ತಾಯಿಯ ಹೆಸರು ಕೂಗುತ್ತಿರುವುದನ್ನು ಅವಳು ನೋಡಿದಳು. ಅಷ್ಟರಲ್ಲಿ ಅವಳ ಚಪ್ಪಲಿಯ ಮೇಲೆ ಕಪ್ಪಗೆ ಏನೋ ಬಂದು ಬಿತ್ತು, ಬಾಯಿ ತೆರೆದು ಮುಚ್ಚಿತು. ನೆರೇಯ್ದಾ ಬಗ್ಗಿ ಅದರ ಮುಖ ದಿಟ್ಟಿಸಿದಳು.

"ಅಮ್ಮಾ," ಎಂದಳು.

ನಾನು ಒಬ್ಬಳೇ ಅಲ್ಲ ಹಾಗೆ ಕಂಡವಳು, ಇದನ್ನು ನೆನಪಿಟ್ಟುಕೊಳ್ಳಿ.

ಪಾತ್ರೆಯಲ್ಲಿ ತಂಗಿ ಕೊಟ್ಟ ಎಳನೀರಿತ್ತು. ಅದನ್ನು ಚೆಲ್ಲಿ, ಚರಂಡಿಯ ನೀರು ತುಂಬಿ, ಮೀನು ಹಾಕಿಕೊಂಡು ನೆರೇಯ್ದಾ ಬೀದಿ ಹತ್ತಿದಳು. ಹಿಂದೆ ನಾವೆಲ್ಲ ಮೆರವಣಿಗೆ. ಬಾಗಿಲಲ್ಲಿ ಒನೇಲಿಯೊ ಇನ್ನೂ ಬೆನ್ನು ಮಾಡಿಯೇ ನಿಂತಿದ್ದ, ನಾಲ್ಕನೆಯ ಬಕೆಟ್ಟು ಹೆಗಲ ಮೇಲಿತ್ತು.

"ತಿರುಗು," ಎಂದಳು ನೆರೇಯ್ದಾ.

ತಿರುಗಿದ. ಅವನ ಬಣ್ಣ ನೋಡಬೇಕಿತ್ತು. ಹಿಟ್ಟಿನ ಚೀಲಕ್ಕೆ ಮೀಸೆ ಅಂಟಿಸಿದ ಹಾಗಿದ್ದ. ಕಪ್ಪು ಮೀನನ್ನು ಅವಳು ತೊಟ್ಟಿಗೆ ಬಿಟ್ಟಳು. ಅರ್ಧಕ್ಕಿಂತ ಸ್ವಲ್ಪ ಹೆಚ್ಚು ನೀರು ಉಳಿದಿತ್ತು. ಮೀನು ಓರೆಯಾಗಿ ಒಂದು ಸುತ್ತು ಹಾಕಿ, ಮೂಲೆಯ ಕಲ್ಲಿನ ಹಿಂದೆ ತನ್ನ ಮಾಮೂಲಿ ಜಾಗಕ್ಕೆ ಹೋಗಿ ನಿಂತು, ಒನೇಲಿಯೊನನ್ನು ದಿಟ್ಟಿಸಿತು.

"ಉಳಿದಿದ್ದನ್ನೂ ಚೆಲ್ಲಿ ಮಾವಾ," ಎಂದಳು ಯಾನೇಲಿಸ್ ಹಾಳೆ ಹಿಂಡುತ್ತ. "ನಿಯಮ ನಿಯಮವೇ."

"ಪೂರ್ತಿ," ಎಂದಳು ತೋಮಾಸಾ. "ಇಲ್ದಿದ್ರೆ ಅವಳಿಗೆ ಶಾಂತಿ ಸಿಗಲ್ಲ."

ಒನೇಲಿಯೊ ಬಕೆಟ್ಟು ನೋಡಿದ, ಮೀನು ನೋಡಿದ. ಬಾಯಿ ತೆರೆದ. ಹೌದು ಎನ್ನುತ್ತಾನೆಂದು ನಾವೆಲ್ಲ ಕಾಯುತ್ತಿದ್ದೆವು.

"ಇಲ್ಲ," ಎಂದ.

ಪಂಪು ಕೂಡ ಒಂದು ಗಳಿಗೆ ನಿಂತಿತು ಎಂದು ನಾನು ಆಣೆ ಮಾಡಿ ಹೇಳುತ್ತೇನೆ.

"ಇಲ್ಲ," ಎಂದ ಇನ್ನೊಮ್ಮೆ. ರುಚಿ ಹತ್ತಿತ್ತು. "ಇದು ಮೀನಿನ ತೊಟ್ಟಿ. ವಾರಕ್ಕೊಂದ್ಸಲ ಕಾಲು ಭಾಗ. ನಿಂತ ನೀರು. ಹಳೇದು ಉಳೀಬೇಕು. ಇವತ್ತು ಇನ್ನೊಂದು ಹನಿ ತೆಗೆಯಲ್ಲ. ಯಾನೇಲಿಸ್, ಮೀನು ಅಂತ ಬರಿ."

ಅವಳು ಬರೆದಳು. ಒದ್ದೆ ಹಾಳೆಯ ಮೇಲೆ ಪೆನ್ಸಿಲ್ ಮೂಡಲಿಲ್ಲ, ಆದರೂ ಬರೆದಳು. ತುಂಬಿಸಲು ನಿಂತ ನೀರೆಲ್ಲಿದೆ ಎಂದು ಯಾರೋ ಕೇಳಿದರು. ಎಂಟು ದಿನಕ್ಕೊಮ್ಮೆ ನಲ್ಲಿ ಬರುವ ನಮ್ಮ ಬೀದಿಯಲ್ಲಿ ನಿಂತ ನೀರು ಬಿಟ್ಟು ಬೇರೆ ನೀರೇ ಇಲ್ಲವಲ್ಲ. ಮನೆಗೊಂದು ಚೊಂಬು ಬಂತು.

ನೆರೇಯ್ದಾ ಗಂಡನನ್ನು ಮದುವೆಗೆ ಮೊದಲು ನೋಡುತ್ತಿದ್ದ ಹಾಗೆ ನೋಡುತ್ತಿದ್ದಳು. ಆದರೂ ಕೇಳಿದಳು, "ಅಮ್ಮನ ಲೋಟ ಎಲ್ಲಿ?"

ಒನೇಲಿಯೊ ಜೇಬಿನಿಂದ ಕರವಸ್ತ್ರ ತೆಗೆದು ಬಿಚ್ಚಿದ. "ಒಡೆದೆ. ಅಣ್ಣನ ಮನೆಗೆ ಹೋಗ್ತೀನಿ. ಮೀನು ಇಲ್ಲೇ ಇರ್ಲಿ, ಆ ಕಹಳೆ ಸದ್ದು ಅದಕ್ಕೆ ಆಗಲ್ಲ."

ನೆರೇಯ್ದಾ ಚೂರುಗಳನ್ನು ನೋಡಿದಳು. ಮುಖ ಕೆಂಪಾಯಿತು. ಬೈಯುತ್ತಾಳೆ ಎಂದುಕೊಂಡೆವು.

"ಇದು ಅಮ್ಮಂದಲ್ಲ," ಎಂದಳು ಮೆಲ್ಲಗೆ. "ಅಮ್ಮಂದು ಅವಳು ಸತ್ತ ಒಂಬತ್ತನೇ ದಿನಾನೇ ನನ್ನ ಕೈಲಿ ಒಡೀತು. ನಿಂಗೆ ಹೇಳೋಕೆ ಹೆದರಿಕೆ ಆಯ್ತು. ಎದುರು ಮನೆಯಿಂದ ಇಸ್ಕೊಂಡು ಬಂದು ಇಟ್ಟೆ."

ಎಲ್ಲರೂ ತಿರುಗಿ ನನ್ನನ್ನು ನೋಡಿದರು.

"ನನ್ನನ್ಯಾಕೆ ನೋಡ್ತೀರ?" ಎಂದೆ. "ಲೋಟ ಕೊಡು ಅಂದ್ಲು, ಕೊಟ್ಟೆ. ಗುಮೆರ್ಸಿಂದೊ ಹಲ್ಲಿನ ಸೆಟ್ಟು ಬಿಚ್ಚಿಡ್ತಿದ್ದ ಲೋಟ. ಚೆನ್ನಾಗೇ ತೊಳೆದಿದ್ದೆ."

ತೋಮಾಸಾ ಕುರ್ಚಿ ಹುಡುಕಿ ಕುಳಿತಳು. "ಹಾಗಾದ್ರೆ ನಾಲ್ಕು ವರ್ಷದಿಂದ ರಮ್ಮು ಕೇಳ್ತಿದ್ದಿದ್ದು," ಎಂದಳು. "ಹಂದಿ ಚರ್ಮ ಕೇಳ್ತಿದ್ದಿದ್ದು..."

ಇಲ್ಲಿಯವರೆಗೂ ನಗುತ್ತಿದ್ದವಳು ನಾನು. ಅಲ್ಲಿ ನನ್ನ ನಗು ನಿಂತಿತು. ಬದುಕಿದ್ದಾಗ ಗುಮೆರ್ಸಿಂದೊ ಊಟ ಮುಗಿಸಿ "ಸ್ವಲ್ಪ ಗಾಳಿ ತಗೊಂಡ್ ಬರ್ತೀನಿ" ಎಂದು ಹೊರಟರೆ ಎದುರು ಮನೆಯಲ್ಲಿ ಕುಳಿತು ರಮ್ಮು ಕುಡಿದೇ ಬರುತ್ತಿದ್ದದ್ದು. ಸತ್ತ ಮೇಲೂ ಅಲ್ಲಿಗೇ ಹೋಗಿದ್ದಾನೆ. ಅದೂ ನಾನೇ ನನ್ನ ಕೈಯಾರೆ ತೊಳೆದು ಕಳಿಸಿ.

ಚೂರುಗಳನ್ನು ನಾನು ಮನೆಗೆ ತಂದೆ. ಒನೇಲಿಯೊ ಈಗ ಪ್ರತಿ ಸೋಮವಾರ ಕಾಲು ಭಾಗ ನೀರು ತೆಗೆದು, ಬೀದಿಯ ಎರಡೂ ಕಡೆ ನೋಡಿ, ಆಮೇಲೆ ಚೆಲ್ಲುತ್ತಾನೆ. ಅರ್ಧ ತೆಗಿಯೋ, ನನ್ನ ಹೂಕುಂಡಕ್ಕೆ ಬೇಕು ಎಂದರೆ "ಇಲ್ಲ, ದೊಡ್ಡಮ್ಮ" ಎನ್ನುತ್ತಾನೆ. ಕೊಬ್ಬಿದ್ದಾನೆ.

ನಾನೂ ನನ್ನ ಕಪಾಟಿನ ಮೇಲೆ ಗುಮೆರ್ಸಿಂದೊನಿಗೆ ಹೊಸ ಲೋಟ ಇಟ್ಟಿದ್ದೇನೆ. ಸೋಮವಾರ ಬಂದರೆ ಪೂರ್ತಿ ಚೆಲ್ಲಿ, ಉಜ್ಜಿ ತೊಳೆದು, ಒಂದು ಹನಿಯೂ ಹಳೆಯದು ಉಳಿಯದ ಹಾಗೆ ತುಂಬುತ್ತೇನೆ. ಹಳೆಯ ನೀರು ಚೆಲ್ಲಿದರೆ ಮನೆ ಮರೆತುಹೋಗುತ್ತದೆ ಎಂದನಲ್ಲ ಫ್ರೋಯ್ಲಾನ್. ಮರೆಯಲಿ. ಅವನು ಮರೆಯಬೇಕಾದದ್ದು ಎದುರು ಮನೆಯನ್ನು.